ಥ್ರೆಡ್ ಹಿಡಿದರೆ ಸಾಲದು: ಎಂಜಿಬಿ ಬ್ರೇಕ್ ಪೈಪಿಗೆ ನಟ್ ಹೊಂದಿಸುವಾಗ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬ್ರೇಕ್ ಪೈಪು 3/16 ಅಂಗುಲದ್ದು. ಅದನ್ನು ತೂತಿಗೆ ಬಿಗಿಯುವ, ಹೊರಮೈಯಲ್ಲಿ ಥ್ರೆಡ್ ಇರುವ ನಟ್ 3/8 ಯುಎನ್‌ಎಫ್ (ಯುನಿಫೈಡ್ ಫೈನ್, ಅಂಗುಲ ಲೆಕ್ಕದ ಸಣ್ಣ ಥ್ರೆಡ್), ಅಂಗುಲಕ್ಕೆ 24 ಥ್ರೆಡ್. ಈಗ ಅಂಗಡಿಯಲ್ಲಿ ಕೇಳಿದೊಡನೆ ಸಿಗುವುದು ಎಂ10 (10 ಮಿ.ಮೀ. ಹೊರ ಅಳತೆಯ ಮೆಟ್ರಿಕ್ ಥ್ರೆಡ್), 1 ಮಿ.ಮೀ. ಪಿಚ್‌ನ, ಅಂದರೆ ಥ್ರೆಡ್‌ನಿಂದ ಥ್ರೆಡ್‌ಗೆ 1 ಮಿ.ಮೀ. ಅಂತರದ ನಟ್. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ಎರಡೂ ಒಂದೇ.

24 ಥ್ರೆಡ್ ಅಂದರೆ ಪಿಚ್ 1.058 ಮಿ.ಮೀ. ನಟ್‌ನ ಮೇಲಿರುವ ಕೆಲವೇ ಸುತ್ತಿಗೆ ಪಿಚ್ ಗೇಜ್ (ಥ್ರೆಡ್‌ನ ಅಂತರ ಅಳೆಯುವ ಹಲ್ಲಿನ ಬ್ಲೇಡುಗಳ ಕಟ್ಟು) ಹಿಡಿದರೆ 1 ಮಿ.ಮೀ. ಬ್ಲೇಡೂ ಕೂತಂತೆಯೇ ಕಾಣಬಹುದು. ಅದಕ್ಕೇ ನಾನು ಮೊದಲು ಹಿಡಿಯುವುದು ವರ್ನಿಯರ್ ಕ್ಯಾಲಿಪರ್. ಥ್ರೆಡ್‌ನ ಹೊರ ಅಳತೆ 9.4ರಿಂದ 9.5 ಬಂದರೆ ಯುಎನ್‌ಎಫ್, 9.8 ದಾಟಿದರೆ ಎಂ10. ಸ್ಪ್ಯಾನರ್ ಕೂತಿತೆಂದು ನಂಬಬೇಡಿ. 7/16ರ ಸ್ಪ್ಯಾನರ್ 11 ಮಿ.ಮೀ. ತಲೆಗೂ ಕೂರುತ್ತದೆ.

ಎಂ10 ನಟ್ ಯುಎನ್‌ಎಫ್ ತೂತಿಗೆ ಹೋಗುವುದೇ ಇಲ್ಲ, ಬಲವಂತ ಮಾಡದಿದ್ದರೆ ಅಪಾಯವಿಲ್ಲ. ಉಲ್ಟಾ ಆದರೆ ಕಷ್ಟ. ಯುಎನ್‌ಎಫ್ ನಟ್ ಎಂ10 ತೂತಿಗೆ ಬೆಣ್ಣೆಯಂತೆ ಇಳಿಯುತ್ತದೆ, ಸ್ವಲ್ಪ ಅಲ್ಲಾಡುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಹಿಡಿದಿರುವುದು ಥ್ರೆಡ್‌ನ ತುದಿ ಮಾತ್ರ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರಬಹುದು. ಹೊಸ ಹಿತ್ತಾಳೆ ಟೀ (ಮೂರು ಪೈಪು ಕೂಡುವ ಜೋಡಣೆ) ತಂದಾಗ ಮೂರೂ ತೂತಿಗೆ ಹಳೆಯ ನಟ್ ಹಾಕಿ ಅಲ್ಲಾಡಿಸಿ ನೋಡುವುದು ಇದಕ್ಕೇ.

ಯುನಿಫೈಡ್ ಥ್ರೆಡ್ ಒಪ್ಪಂದವಾದದ್ದು 1948ರಲ್ಲಿ. ಅದಕ್ಕೂ ಹಳೆಯ ವಿನ್ಯಾಸದ ಬ್ರಿಟಿಷ್ ಗಾಡಿಗಳಲ್ಲಿ 3/8 ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್ ಎದುರಾಗುತ್ತದೆ. ಹೊರ ಅಳತೆ ಯುಎನ್‌ಎಫ್‌ನದ್ದೇ, ಆದರೆ ಅಂಗುಲಕ್ಕೆ 20 ಥ್ರೆಡ್, ಕೋನ 60 ಡಿಗ್ರಿ ಬದಲು 55. ಇಲ್ಲಿ ವರ್ನಿಯರ್ ಕೈಕೊಡುತ್ತದೆ, ಪಿಚ್ ಗೇಜೇ ಗತಿ. ಒಂದೆರಡು ಸುತ್ತು ಹೋಗಿ ಬಿಗಿ ಹಿಡಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಫ್ಲೇರ್, ಅಂದರೆ ಸೀಲ್ ಆಗಲೆಂದು ಅಗಲಿಸಿದ ಪೈಪಿನ ಬಾಯಿ. ತೂತಿನ ತಳಕ್ಕೆ ಟಾರ್ಚ್ ಬಿಡಿ. ನಡುವೆ ಗೋಪುರದಂತೆ ಕೋನ್ ಎದ್ದಿದ್ದರೆ ಪೈಪಿನ ಬಾಯಿ ಒಳಗೆ ತಗ್ಗಿರಬೇಕು, ಅಂದರೆ ಡಬಲ್ ಫ್ಲೇರ್. ತಳವೇ ಕೊಳವೆಯಂತೆ ಇಳಿದಿದ್ದರೆ ಉಬ್ಬಿದ ಸಿಂಗಲ್ ಫ್ಲೇರ್. ಅದಲುಬದಲಾದರೆ ಎಷ್ಟು ಬಿಗಿದರೂ ಒಸರುತ್ತದೆ. ಒಂದೇ ಪೈಪಿನ ಎರಡು ತುದಿಗೆ ಎರಡು ಬಗೆ ಬೇಕಾಗುವುದೂ ಉಂಟು.

ಪೈಪಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹ ವಾಸಿ. ಬಾಗಿಸಲು ಸುಲಭ, ತುಕ್ಕು ಹಿಡಿಯುವುದಿಲ್ಲ. ಹ್ಯಾಕ್‌ಸಾ ಬೇಡ, ಪೈಪ್ ಕಟ್ಟರ್‌ನಲ್ಲೇ ಕತ್ತರಿಸಿ, ಒಳ-ಹೊರ ಅಂಚಿನ ಮುಳ್ಳು ತೆಗೆದು ಒರೆಸಿ. ಫ್ಲೇರ್ ಮಾಡುವ ಮೊದಲು ಎರಡೂ ನಟ್‌ಗಳನ್ನು ಪೈಪಿಗೆ ಪೋಣಿಸಿ, ಬೆನ್ನಿಗೆ ಬೆನ್ನು ಇರುವಂತೆ. (ಇದನ್ನು ಮರೆಯದ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ.) ಪೈಪು ಡೈಯಿಂದ (ಫ್ಲೇರ್ ಉಪಕರಣದಲ್ಲಿ ಪೈಪನ್ನು ಹಿಡಿಯುವ ಭಾಗ) ಹೊರಗೆ ನಿಲ್ಲಬೇಕಾದದ್ದು ಬಾಯಿಗೆ ಒತ್ತುವ ಮೊದಲ ಅಚ್ಚಿನ ಭುಜದಷ್ಟು ಎತ್ತರ, ಕಮ್ಮಿಯಾದರೆ ಬಾಯಿ ಸರಿಯಾಗಿ ಮೂಡುವುದಿಲ್ಲ, ಅದನ್ನು ಕತ್ತರಿಸಿ ಎಸೆಯಿರಿ. ಅಚ್ಚಿನ ತುದಿಗೆ ಒಂದು ಹನಿ ಬ್ರೇಕ್ ಆಯಿಲ್.

ಟೆಫ್ಲಾನ್ ಟೇಪ್ ಸುತ್ತಬೇಡಿ. ಸೀಲ್ ಆಗುವುದು ಫ್ಲೇರ್‌ನಲ್ಲಿ, ಥ್ರೆಡ್‌ನಲ್ಲಲ್ಲ. ಟೇಪಿನ ಚೂರು ಒಳಗೆ ಹೋದರೆ ಸಿಲಿಂಡರ್‌ಗೆ ಕಷ್ಟ. ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಫ್ಲೇರ್ ನಟ್ ಸ್ಪ್ಯಾನರ್‌ನಿಂದ ಕಚ್ಚಿಸಿ, ಸಡಿಲಿಸಿ, ಮತ್ತೆ ಕಚ್ಚಿಸಿ. ಗಾಳಿ ತೆಗೆದಾದ ಮೇಲೆ ಒಬ್ಬರು ಪೆಡಲ್ ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಲಿ. ನೀವು ಪ್ರತಿ ನಟ್‌ಗೂ ಒಣ ಟಿಶ್ಯೂ ಸುತ್ತಿ ನೋಡಿ. ಕಣ್ಣಿಗೆ ಕಾಣದ ಒಸರು ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ.