ಟ್ಯೂಬಿನಲ್ಲಿ ಅಮೈಲಾಯ್ಡ್ ಎಳೆ ಬೆಳೆಸುವುದು: ನನ್ನ ಅನುಭವ

ಪಾರ್ಕಿನ್ಸನ್ಸ್ ಇರುವವರ ಮಿದುಳಿನ ಕೋಶಗಳಲ್ಲಿ ಲೆವಿ ಬಾಡಿ ಅನ್ನೋ ಗಂಟುಗಳು ಕಾಣಿಸುತ್ತವೆ. ಅವುಗಳಲ್ಲಿ ಜಾಸ್ತಿ ಇರುವುದು ಆಲ್ಫಾ-ಸೈನ್ಯೂಕ್ಲೀನ್ ಎಂಬ ಪ್ರೋಟೀನ್ ಎಂದು 1997ರಲ್ಲಿ ಗೊತ್ತಾಯಿತು. ಆ ಪ್ರೋಟೀನಿನ ಅಣುಗಳು ಒಂದಕ್ಕೊಂದು ಅಂಟಿ ಎಳೆಗಟ್ಟುತ್ತವೆ, ಇಂಥ ಎಳೆಗೇ ಅಮೈಲಾಯ್ಡ್ ಎನ್ನುವುದು. ಅದನ್ನು ಟ್ಯೂಬಿನಲ್ಲಿ ಮಾಡಿ ನೋಡುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬರುವವರು ಎಳೆ ಕಟ್ಟಿಸುವುದು ಹೇಗೆ ಎಂದು ಕೇಳುತ್ತಾರೆ. ಎಳೆ ಹೇಗೂ ಕಟ್ಟುತ್ತೆ. ಶುರುವಿನಲ್ಲಿ ಒಂದು ಚೂರೂ ಎಳೆ ಇಲ್ಲದಂತೆ ನೋಡಿಕೊಳ್ಳುವುದೇ ಕಷ್ಟ.

ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತೇನೆ. ಕೋಶಗಳನ್ನು ಒಡೆದ ಮೇಲೆ ಬಂದ ದ್ರವವನ್ನು 95 ಡಿಗ್ರಿಗೆ ಕಾಯಿಸುತ್ತೇನೆ. ಬೇರೆ ಪ್ರೋಟೀನುಗಳ ಜೊತೆ ಕೆಲಸ ಮಾಡುವವರು ಇದನ್ನು ನೋಡಿ ಹೌಹಾರುತ್ತಾರೆ, ಅವರ ಟ್ಯೂಬುಗಳು ಐಸ್ ಬಿಟ್ಟು ಆಚೆ ಬರುವುದೇ ಇಲ್ಲ. ಹೆಚ್ಚಿನ ಪ್ರೋಟೀನುಗಳಿಗೆ ಮಡಿಚಿದ ಒಂದು ಆಕಾರವಿರುತ್ತದೆ. ಬಿಸಿ ತಾಗಿದರೆ ಅದು ಬಿಚ್ಚಿಕೊಂಡು, ಬೆಳ್ಳಗೆ ಗರಣೆಗಟ್ಟಿ ತಳ ಸೇರುತ್ತದೆ. ಸೈನ್ಯೂಕ್ಲೀನ್ 140 ಅಮೈನೋ ಆಮ್ಲಗಳ ಸರಪಳಿ. ದ್ರಾವಣದಲ್ಲಿ ಅದಕ್ಕೆ ಇಂಥದ್ದೇ ಆಕಾರ ಅಂತಿಲ್ಲ, ಹಾಗಾಗಿ ಬಿಚ್ಚಿಕೊಳ್ಳಲು ಏನೂ ಇಲ್ಲ. ಸೆಂಟ್ರಿಫ್ಯೂಜ್ ಮಾಡಿದರೆ ಮೇಲಿನ ತಿಳಿಯಲ್ಲಿ ನಮಗೆ ಬೇಕಾದ್ದು ಸಿಗುತ್ತದೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾಗುವ ಹಂತ ಇದೇ.

ಆಮೇಲೆ ಪ್ರೋಟೀನನ್ನು ಬೇರ್ಪಡಿಸಿ ಶುದ್ಧ ಮಾಡುವ ಕಾಲಮ್ಮುಗಳು. ಪ್ರೋಟೀನುಗಳನ್ನು ತೂಕದ ಪ್ರಕಾರ ಓಡಿಸಿ ನೋಡುವ ಜೆಲ್ ಮೇಲೆ ಪಟ್ಟಿ 17-18 ಕಿಲೋಡಾಲ್ಟನ್ ಹತ್ತಿರ ಕಂಡರೆ ಗಾಬರಿ ಬೇಡ. ನಿಜವಾದ ತೂಕ 14.5ರ ಆಸುಪಾಸು, ಆದರೂ ಇದು ಅಲ್ಲೇ ಓಡುತ್ತದೆ. ಇದರಲ್ಲಿ ಟ್ರಿಪ್ಟೋಫಾನ್ ಇಲ್ಲ, ಟೈರೋಸಿನ್ ನಾಲ್ಕೇ ನಾಲ್ಕು. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವುದು 280 ನ್ಯಾನೋಮೀಟರಿನ ಬೆಳಕಿನಲ್ಲಿ, ಅದನ್ನು ಹೀರುವುದು ಮುಖ್ಯವಾಗಿ ಈ ಎರಡು ಅಮೈನೋ ಆಮ್ಲಗಳೇ. ಹಾಗಾಗಿ ಇದು ಹೀರುವುದು ಕಡಿಮೆ. ಸ್ವಲ್ಪ ಡಿಎನ್‌ಎ ಸೇರಿಕೊಂಡಿದ್ದರೂ ಅಳತೆ ಸುಳ್ಳು ಹೇಳುತ್ತದೆ, ಡಿಎನ್‌ಎ ಹೆಚ್ಚು ಹೀರುವ 260ರಲ್ಲೂ ಒಮ್ಮೆ ನೋಡಿಬಿಡಿ. ಪ್ರಯೋಗದ ದಿನವೇ ಇನ್ನೊಮ್ಮೆ ಜೆಲ್ ಫಿಲ್ಟ್ರೇಷನ್ (ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವುದು) ಮಾಡಿ, ಒಂಟಿ ಅಣುಗಳ ಭಾಗವನ್ನಷ್ಟೇ ತೆಗೆದುಕೊಳ್ಳುತ್ತೇನೆ. ಫ್ರೀಜರಿನಿಂದ ತೆಗೆದದ್ದನ್ನು ನೇರವಾಗಿ ಪ್ರಯೋಗ ನಡೆಯುವ, ಪುಟ್ಟ ಪುಟ್ಟ ಕುಳಿಗಳಿರುವ ಪ್ಲೇಟಿಗೆ ಹಾಕುವುದಿಲ್ಲ.

ಯಾಕಿಷ್ಟು ಮಡಿ ಅಂದರೆ, ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೊದಲೇ ಕಟ್ಟಿದ ಎಳೆಯ ತುಂಡು ಒಂದು ಪರ್ಸೆಂಟಿನಷ್ಟು ಸೇರಿದರೂ ಸಾಕು. ಅದರ ತುದಿಗೆ ಒಂಟಿ ಅಣುಗಳು ಒಂದೊಂದಾಗಿ ಬಂದು ಅಂಟಿಕೊಂಡು ಅದೇ ಆಕಾರಕ್ಕೆ ತಿರುಗುತ್ತವೆ. ಒಂದು ವ್ಯತ್ಯಾಸ ಉಂಟು: ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಇಲ್ಲಿ ಜೀವ ಏನೂ ಇಲ್ಲ, ಬರೀ ಆಕಾರ. ಎಳೆಯೊಳಗೆ ಸರಪಳಿಗಳು ಒಂದರ ಮೇಲೊಂದು ಸುಮಾರು 4.8 ಆಂಗ್‌ಸ್ಟ್ರಾಮ್ (ಅರ್ಧ ನ್ಯಾನೋಮೀಟರಿನ ಹತ್ತಿರ) ಅಂತರದಲ್ಲಿ ಕೂತಿರುತ್ತವೆ. ಆಲ್ಜೈಮರ್ಸ್‌ನ ಅಮೈಲಾಯ್ಡ್-ಬೀಟಾ ಎಳೆಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ.

ಪ್ಲೇಟ್ 37 ಡಿಗ್ರಿಯಲ್ಲಿ ಅಲುಗಾಡುತ್ತಿರುತ್ತದೆ. ಪ್ರತಿ ಕುಳಿಯಲ್ಲಿ ಪ್ರೋಟೀನ್, ಥಯೋಫ್ಲೇವಿನ್-ಟಿ ಬಣ್ಣ, ಒಂದು ಪುಟ್ಟ ಗಾಜಿನ ಮಣಿ. ದಿನಗಟ್ಟಲೆ ಬೆಚ್ಚಗಿರುವುದರಿಂದ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯದಿರಲು ಒಂಚೂರು ಸೋಡಿಯಂ ಅಜೈಡ್. ಅಂಚಿನ ಕುಳಿಗಳು ಬೇಗ ಆರುತ್ತವೆ, ಅಲ್ಲಿ ಸುಮ್ನೆ ನೀರು ತುಂಬುತ್ತೇನೆ. ಆ ಬಣ್ಣದ ಅಣು ನೀರಿನಲ್ಲಿ ತಿರುಗಾಡಿಕೊಂಡಿದ್ದಾಗ ಬೆಳಗುವುದಿಲ್ಲ ಎನ್ನಬಹುದು. ಎಳೆಯ ಸಂದಿಯಲ್ಲಿ ಸಿಕ್ಕಿಕೊಂಡಾಗ 480 ನ್ಯಾನೋಮೀಟರಿನ ಹತ್ತಿರ ಬೆಳಕು ಬಿಡುತ್ತದೆ. ಆ ಬೆಳಕಿನ ಗ್ರಾಫ್ ಮೊದಲು ತುಂಬಾ ಹೊತ್ತು ಮಟ್ಟಸವಾಗಿ ಹೋಗಿ, ಆಮೇಲೆ ಏರಿ, ಮೇಲೆ ನಿಲ್ಲುತ್ತದೆ. ಮಟ್ಟಸವಾಗಿರುವಾಗ ಏನೂ ನಡೆಯುತ್ತಿಲ್ಲ ಅಂದುಕೊಳ್ಳಬೇಡಿ, ಬಣ್ಣಕ್ಕೆ ಸಿಗದಷ್ಟು ಕಡಿಮೆ ನಡೆಯುತ್ತಿದೆ ಅಷ್ಟೇ. ಅಕ್ಕಪಕ್ಕದ ಕುಳಿಗಳೇ ಬೇರೆ ಬೇರೆ ಹೊತ್ತಿಗೆ ಏಳುತ್ತವೆ. ಅಲುಗಾಡಿಸದೆ ಇಟ್ಟರೆ ಈ ಪ್ರೋಟೀನ್ ಏಳಲು ವಾರಗಟ್ಟಲೆ ಸತಾಯಿಸಬಹುದು.

ಇನ್ನು ಅರಿಶಿನ. ನಾನು ಮಾಡುವ ಕೆಲಸ ಗೊತ್ತಾದ ಕೂಡಲೇ ನೆಂಟರು ಕೇಳುವುದು, ಅರಿಶಿನ ಎಳೆ ಕಟ್ಟುವುದನ್ನು ತಡೆಯುತ್ತದಾ ಎಂದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಹಾಕಿದ ಕುಳಿಯಲ್ಲಿ ಬೆಳಕು ಕುಸಿಯುವುದು ನಿಜ. ಆದರೆ ಕರ್ಕ್ಯುಮಿನ್ ತಾನೇ ಹಳದಿ, ಥಯೋಫ್ಲೇವಿನ್ನಿಗೆ ನಾವು ಹಾಯಿಸುವ ನೀಲಿ ಬೆಳಕನ್ನೇ ಅದೂ ಹೀರುತ್ತದೆ. ಎಳೆ ಹಾಗೇ ಇದ್ದರೂ ಗ್ರಾಫ್ ಇಳಿದೀತು, ಅಲ್ವಾ? ಅದಕ್ಕೇ ಬಣ್ಣದ ಮಾತೊಂದನ್ನೇ ನಂಬುವುದಿಲ್ಲ. ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ ತಿಳಿಯಲ್ಲಿ ಎಷ್ಟು ಪ್ರೋಟೀನ್ ಉಳಿದಿದೆ ನೋಡುತ್ತೇನೆ. ಒಂದು ಹನಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೂ ಇಡುತ್ತೇನೆ. 10 ನ್ಯಾನೋಮೀಟರ್ ಆಸುಪಾಸಿನ ಅಗಲದ ಉದ್ದುದ್ದ ಎಳೆಗಳು ಕಂಡರೆ ಕಟ್ಟಿದೆ ಎಂದರ್ಥ. ಚೆಲ್ಲಿದ್ದನ್ನು ಬರೀ ನೀರಿನಲ್ಲಿ, ಸ್ಪಿರಿಟ್ಟಿನಲ್ಲಿ ಒರೆಸಿ ಸುಮ್ಮನಾಗಬೇಡಿ, 1% ಎಸ್‌ಡಿಎಸ್ (ಒಂದು ಬಗೆಯ ಡಿಟರ್ಜೆಂಟ್) ಹಾಕಿ ತೊಳೆಯಿರಿ.

ಕೊನೆಗೂ ನಾನು ಬೆಳೆಸಿದ್ದು ರೋಗಿಯ ಎಳೆಯ ಪಡಿಯಚ್ಚಲ್ಲ. ಮಿದುಳಿನಿಂದಲೇ ತೆಗೆದ ಸೈನ್ಯೂಕ್ಲೀನ್ ಎಳೆಗಳ ರಚನೆ ಕ್ರಯೋ-ಇಎಮ್‌ನಲ್ಲಿ (ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ) ಕಂಡಿದೆ. 2020ರಲ್ಲಿ ಇದೇ ಪ್ರೋಟೀನ್ ಗಂಟುಗಟ್ಟುವ ಇನ್ನೊಂದು ಮಿದುಳಿನ ಕಾಯಿಲೆ ಮಲ್ಟಿಪಲ್ ಸಿಸ್ಟಂ ಅಟ್ರೋಫಿಯದ್ದು, 2022ರಲ್ಲಿ ಪಾರ್ಕಿನ್ಸನ್ಸ್‌ನದ್ದು. ಎರಡರ ಮಡಿಕೆ ಬೇರೆ ಬೇರೆ. ಟ್ಯೂಬಿನಲ್ಲಿ ಉಪ್ಪು ಬದಲಿಸಿದರೂ ಮಡಿಕೆ ಬದಲಾಗುತ್ತದೆ. ಅದಕ್ಕೆ ನನ್ನ ಲೇಬಲ್ಲಿನಲ್ಲಿ ಬರೀ 'ಫೈಬ್ರಿಲ್' (ಎಳೆ) ಎಂದಿರುವುದಿಲ್ಲ. ಯಾವ ಬಫರ್, ಎಷ್ಟು ಉಪ್ಪು, ಮಣಿ ಹಾಕಿದ್ದೋ ಇಲ್ಲವೋ, ಹೆಪ್ಪಾಗಿ ಹಾಕಿದ ಎಳೆಯ ತುಂಡು (ಸೀಡ್) ಯಾವ ಬ್ಯಾಚಿನದು, ಎಲ್ಲವೂ ಇರುತ್ತದೆ.