ಪಾತ್ರಕ್ಕೆ ಹೆಸರಿಡುವ ಮೊದಲು ಅವನ ಮದುವೆ ಕಾರ್ಡು ಬರೆಯಿರಿ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಅರ್ಜಿ ಟೈಪಿಂಗ್, ಮದುವೆ ಕಾರ್ಡು. ಸಂಜೆ ಏಳರ ನಂತರ ಶಟರ್ ಅರ್ಧಕ್ಕೆ ಎಳೆದು ಅದೇ ಕಂಪ್ಯೂಟರಿನಲ್ಲಿ ಕಥೆ ಬರೆಯುತ್ತೇನೆ. ಹಗಲೆಲ್ಲ ಬೇರೆಯವರ ಹೆಸರು ಟೈಪ್ ಮಾಡುವವನಿಗೆ ರಾತ್ರಿ ಪಾತ್ರಕ್ಕೊಂದು ಹೆಸರು ಬೇಕೆಂದರೆ ಒಂದೂ ಹೊಳೆಯುತ್ತಿರಲಿಲ್ಲ. ಈಗ ಸ್ವಲ್ಪ ದಾರಿ ಗೊತ್ತಾಗಿದೆ. ಕೊಡಗಿನ ಕಥೆ ಬರೆಯಲು ಹೊರಟವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ನಾನು ಶನಿವಾರಸಂತೆ ಕಡೆಯವನು. ನಮ್ಮ ಮನೆಯಲ್ಲಿ ಹೆಸರಿಗೆ ಅಪ್ಪನದೊಂದು ಇನಿಷಿಯಲ್ ಅಂಟಿಸಿದರೆ ಮುಗಿಯಿತು. ದಕ್ಷಿಣ ಕೊಡಗಿಗೆ ಬಂದ ಮೇಲೆ ಕೊಡವರ ಮನೆ ಹೆಸರುಗಳ ಗಮ್ಮತ್ತು ನೋಡಿದೆ. ನನ್ನ ಕಥೆಗೂ ಒಂದು ಇರಲಿ ಅಂತ ಬಾಯಿಗೆ ಸಿಕ್ಕ ಎರಡು ಅಕ್ಷರ ಹಾಕಿ, ಕೊನೆಗೆ ‘ಂಡ’ ಸೇರಿಸಿ, ಕಥೆಯ ಕೆಟ್ಟ ಮನುಷ್ಯನಿಗೆ ಇಟ್ಟುಬಿಟ್ಟೆ. ತಮ್ಮನ ಪಾಲಿನ ಕಾಫಿ ತೋಟ ನುಂಗುವ ಅಣ್ಣ ಅವನು. ಕಥೆ ಒಂದು ವಿಶೇಷಾಂಕದಲ್ಲಿ ಬಂತು. ಹತ್ತು ದಿನ ಕಳೆದಿರಬೇಕು, ಅರವತ್ತು ದಾಟಿದ ಒಬ್ಬರು ಆ ಸಂಚಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಅಂಗಡಿಗೆ ಬಂದರು.

“ಇದು ಬರೆದದ್ದು ನೀವಾ?”

“ಹೌದು ಸರ್.”

“ನಮ್ಮ ಒಕ್ಕದ ವಿಷಯ ನಿಮಗೆ ಹೇಳಿದ್ದು ಯಾರು?”

ಒಕ್ಕ ಅಂದರೆ ಕೊಡವರ ಮನೆತನ. ಆ ಹೆಸರಿನ ಒಕ್ಕ ನಿಜಕ್ಕೂ ಇತ್ತು. ಒಂದು ದೀರ್ಘದಷ್ಟು ವ್ಯತ್ಯಾಸ. ಅವರ ದೊಡ್ಡಪ್ಪನ ಹೆಸರೂ ನನ್ನ ಪಾತ್ರದ ಹೆಸರೂ ಒಂದೇ. ಸಾಲದ್ದಕ್ಕೆ ಆ ದೊಡ್ಡಪ್ಪನಿಗೂ ಅವರ ತಮ್ಮನಿಗೂ ತೋಟದ ವಿಷಯಕ್ಕೇ ಕೇಸು ನಡೆದಿತ್ತಂತೆ! ಸುಮ್ನೆ ಹುಟ್ಟಿಸಿದ ಹೆಸರು ಅಂತ ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಎದುರಿನ ಹೋಟೆಲಿನಿಂದ ಕಾಫಿ ತರಿಸಿದೆ. ಅರ್ಧ ಕಾಫಿಗೆ ಸಿಟ್ಟು ಇಳಿಯಿತು. ಪೂರ್ತಿ ಕಾಫಿಗೆ ಪಾಠ ಶುರುವಾಯಿತು.

“ನಮ್ಮ ಭಾಷೆ ಕೊಡವ ತಕ್ಕಿನಲ್ಲಿ ‘ಅವಂಡ’ ಅಂದರೆ ಏನು ಗೊತ್ತಾ? ಅವನ. ನಿಮ್ಮ ಕನ್ನಡದ ‘ಅವನ’. ‘ಂಡ’ ಅಂದರೆ ಯಾರದೋ ಅಂತ ಅರ್ಥ. ಯಾರೋ ಒಬ್ಬ ಹಿರಿಯ ಇದ್ದ, ಅವನ ಮನೆಯವರು ಇವರು ಅಂತ. ನೀವು ಹಿರಿಯನೇ ಇಲ್ಲದ ಮನೆ ಕಟ್ಟಿದ್ದೀರಿ.”

ನನಗೆ ಹೆಸರಿನ ಬಗ್ಗೆ ಸಿಕ್ಕ ಮೊದಲ ಒಳ್ಳೆಯ ಪಾಠ ಇದು. ಅಕ್ಷರ ಜೋಡಿಸಿ ಮನೆ ಹೆಸರು ಮಾಡಬೇಡಿ. ಮೊದಲು ಒಬ್ಬ ಹಿರಿಯನನ್ನು ಕಲ್ಪಿಸಿಕೊಳ್ಳಿ. ಅವನು ಎಲ್ಲಿ ಗದ್ದೆ ಮಾಡಿದ, ಯಾವ ಬೆಟ್ಟದ ಬುಡದಲ್ಲಿ ಒಕ್ಕದ ಮೂಲ ಮನೆಯಾದ ಐನ್‌ಮನೆ ಕಟ್ಟಿದ, ಅವನನ್ನು ಜನ ಏನಂತ ಕರೆಯುತ್ತಿದ್ದರು. ಅಲ್ಲಿಂದ ಹೆಸರು ಬರಲಿ. ಆಮೇಲೆ ಅದು ನಿಜವಾದ ಒಕ್ಕ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೊಂದು ಸುಲಭದ ದಾರಿ ಇದೆ: ಕೊಡವ ಹಾಕಿ ಉತ್ಸವದ ಪಂದ್ಯಗಳ ಪಟ್ಟಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಒಕ್ಕದವರು ಶುರು ಮಾಡಿದ್ದು. ಒಂದೊಂದು ವರ್ಷ ಒಂದೊಂದು ಒಕ್ಕ ನಡೆಸುತ್ತದೆ, ಕಪ್ಪಿಗೆ ಆ ಒಕ್ಕದ್ದೇ ಹೆಸರು. ತಂಡಗಳೂ ಒಕ್ಕದ ಹೆಸರಿನಲ್ಲೇ ಆಡುತ್ತವೆ. ಎರಡು ಮೂರು ವರ್ಷದ ಪಟ್ಟಿ ಕೂಡಿಸಿಕೊಂಡರೆ ನೂರಾರು ಮನೆ ಹೆಸರು ಒಂದೇ ಕಡೆ ಸಿಗುತ್ತವೆ. ನಿಮ್ಮ ಹೆಸರು ಅದರಲ್ಲಿ ಇದ್ದರೆ ಬಿಟ್ಟುಬಿಡಿ. ದೀರ್ಘ ತೆಗೆದು, ಒತ್ತು ಹಾಕಿ ಹುಡುಕಿ. ನಾನು ಮಾಡದೆ ಬಿಟ್ಟ ಕೆಲಸ ಅದು.

ಕೊಡಗಿನ ಇನ್ನೊಂದು ಸಮುದಾಯ, ಅರೆಭಾಷೆ ಗೌಡರ ಮನೆತನದ ಹೆಸರುಗಳ ಜಾಡು ಬೇರೆ. ಎಷ್ಟೋ ಹೆಸರುಗಳಲ್ಲಿ ಜಾಗವೇ ಕಾಣಿಸುತ್ತದೆ. 1837ರಲ್ಲಿ ಬ್ರಿಟಿಷರು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರನ್ನೇ ನೋಡಿ. ಗುಡ್ಡೆಮನೆ ಅಂದ ತಕ್ಷಣ ಮನೆ ಎಲ್ಲಿದೆ ಅಂತ ಗೊತ್ತಾಯಿತು, ಅಲ್ವಾ? ಇಂಥ ಹೆಸರು ಕಟ್ಟುವುದು ನಮಗೆ ಸುಲಭ. ಸುಲಭ ಅಂತ ಕೊಡವ ಪಾತ್ರಕ್ಕೆ ಅದನ್ನು ತಂದು ಅಂಟಿಸಿದರೆ ಮಾತ್ರ ಊರೆಲ್ಲ ನಗುತ್ತದೆ.

ಈಗ ಮದುವೆ ಕಾರ್ಡಿನ ವಿಷಯ. ನನ್ನ ಮುಖ್ಯ ಪಾತ್ರಗಳಿಗೆಲ್ಲ ನಾನು ಕಥೆ ಶುರು ಮಾಡುವ ಮೊದಲೇ ಒಂದು ಕಾರ್ಡು ಟೈಪ್ ಮಾಡುತ್ತೇನೆ. ನಿಜವಾಗಿ, ಲೇಔಟ್ ಸಮೇತ. ಕಾರ್ಡಿನಲ್ಲಿ ಸುಳ್ಳು ನಡೆಯುವುದಿಲ್ಲ. ಅಪ್ಪ ಯಾರು, ಅಮ್ಮ ಯಾರು, ಯಾವ ಮನೆ, ಯಾವ ಊರು, ಮದುವೆಗೆ ಕರೆಯುವ ಹಿರಿಯರು ಯಾರು, ಎಲ್ಲ ಬರೆಯಲೇಬೇಕು. ಹುಡುಗನ ಹೆಸರು ಮಾತ್ರ ಹೊಳೆದಿದ್ದರೆ ಉಳಿದ ಸಾಲುಗಳು ಖಾಲಿ ಕೂತು ನಿಮ್ಮನ್ನೇ ನೋಡುತ್ತವೆ. ಅವನ್ನು ತುಂಬುವಾಗಲೇ ನನಗೆ ಅರ್ಧ ಕಥೆ ಸಿಕ್ಕಿದ್ದುಂಟು.

ಕೊಡವ ಹೆಸರಿನ ಕ್ರಮ ತಿಳಿಯಲು ಎಲ್ಲರಿಗೂ ಗೊತ್ತಿರುವ ಒಂದೆರಡು ಹೆಸರು ಸಾಕು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ. ಬಿಡಿಸಿ ಬರೆದರೆ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಮೊದಲು ಮನೆ, ಆಮೇಲೆ ಅಪ್ಪ, ಕೊನೆಗೆ ತಾನು. 1965ರ ಯುದ್ಧದಲ್ಲಿ ತೀರಿಕೊಂಡು, 1988ರಲ್ಲಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದೂ ಇದೇ ಕ್ರಮ. ಹಾಗಾಗಿ ನಿಮ್ಮ ಪಾತ್ರಕ್ಕೆ ಎರಡು ಇನಿಷಿಯಲ್ ಇಟ್ಟರೆ ಅವು ಯಾವುದರ ಗುರುತು ಅಂತ ನಿಮಗೆ ಗೊತ್ತಿರಬೇಕು. ಓದುಗರಿಗೆ ಹೇಳದಿದ್ದರೂ ಪರವಾಗಿಲ್ಲ. ನಾನೀಗ ಎಷ್ಟೋ ಕಥೆಗಳಲ್ಲಿ ಇನಿಷಿಯಲ್ ಅಷ್ಟೇ ಇಟ್ಟು ಮನೆ ಹೆಸರನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೇನೆ. ಜಗಳವೂ ಇಲ್ಲ, ಕಾಫಿ ಖರ್ಚೂ ಇಲ್ಲ.

ಹೆಣ್ಣು ಪಾತ್ರವಾದರೆ ಇನ್ನೂ ಒಂದು ಸಂಗತಿ ಇದೆ. ಮದುವೆಯಾದ ಮೇಲೆ ಅವಳ ಮನೆ ಹೆಸರು ಬದಲಾಗುತ್ತದೆ. ಆದರೆ ಹಳೆಯದು ಮಾಯವಾಗುವುದಿಲ್ಲ. ನಮ್ಮ ಕಡೆಯ ಪತ್ರಿಕೆಗಳ ನಿಧನ ವಾರ್ತೆ ಓದಿ. ಗಂಡನ ಮನೆ ಹೆಸರಿನ ಪಕ್ಕದಲ್ಲೇ ‘ತಾಮನೆ’ ಅಂತ ತವರಿನ ಹೆಸರೂ ಇರುತ್ತದೆ. ಎಪ್ಪತ್ತು ವರ್ಷ ಬೇರೆ ಹೆಸರಿನಲ್ಲಿ ಬದುಕಿದ ಮುದುಕಿಗೆ ಹುಟ್ಟಿದ ಮನೆಯ ಹೆಸರು ಆ ಒಂದು ಸಾಲಿನಲ್ಲಿ ವಾಪಸ್ ಬರುತ್ತದೆ. ಇದನ್ನು ಮೊದಲ ಸಲ ಟೈಪ್ ಮಾಡಿದ ದಿನ ನನ್ನ ಕೈ ಸ್ವಲ್ಪ ಹೊತ್ತು ಕೀಬೋರ್ಡ್ ಮೇಲೆ ಹಾಗೇ ನಿಂತಿತ್ತು. ಹೆಣ್ಣು ಪಾತ್ರಕ್ಕೆ ಎರಡು ಮನೆ ಹೆಸರನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಯಾವುದನ್ನು ಯಾವಾಗ ಹೇಳುತ್ತೀರಿ ಅನ್ನುವುದರಲ್ಲೇ ಕಥೆ ಇರುತ್ತದೆ.

ಕಾರ್ಡು ಆಯಿತು. ಆದರೆ ಕಾರ್ಡಿನ ಹೆಸರಿನಿಂದ ಮನೆಯಲ್ಲಿ ಯಾರೂ ಕರೆಯುವುದಿಲ್ಲ. ನಮ್ಮ ಶನಿವಾರಸಂತೆಯಲ್ಲೇ 1899ರಲ್ಲಿ ಹುಟ್ಟಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ತೆಗೆದುಕೊಳ್ಳಿ. ದಾಖಲೆಯಲ್ಲಿ ಕೊಡಂದೇರ ಮಾದಪ್ಪ ಕಾರ್ಯಪ್ಪ. ಬಂಧುಗಳ ಬಾಯಲ್ಲಿ ಚಿಮ್ಮ. ಸೈನ್ಯದಲ್ಲಿ ಕಿಪ್ಪರ್; ಕಾರ್ಯಪ್ಪ ಅನ್ನಲು ನಾಲಿಗೆ ಹೊರಳದ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿ ಇಟ್ಟ ಹೆಸರಂತೆ ಅದು. ಮನುಷ್ಯ ಒಬ್ಬನೇ. ಚಿಮ್ಮ ಅಂತ ಕರೆದವರ ಎದುರು ಒಂದು ಥರ ಕೂತಿರುತ್ತಾರೆ, ಕಿಪ್ಪರ್ ಅಂದವರ ಎದುರು ಇನ್ನೊಂದು ಥರ ನಿಂತಿರುತ್ತಾರೆ.

ಹಾಗಾಗಿ ನಾನು ಕಾರ್ಡಿನ ಹಿಂಬದಿಯಲ್ಲಿ ಕರೆಯುವವರ ಪಟ್ಟಿ ಬರೆಯುತ್ತೇನೆ. ಈಗ ಬರೆಯುತ್ತಿರುವ ಕಥೆಯಲ್ಲಿ ಒಬ್ಬ ರಿಟೈರ್ಡ್ ಸುಬೇದಾರ್ ಇದ್ದಾನೆ, ವಯಸ್ಸು ಎಪ್ಪತ್ನಾಲ್ಕು. ಕಾರ್ಡಿನಲ್ಲಿ ಚಂಗಪ್ಪ. ಅಕ್ಕನಿಗೆ ಮಾತ್ರ ಇನ್ನೂ ಚಂಗು. ಪಕ್ಕದ ಮನೆಯ ಹುಡುಗರಿಗೆ ಸುಬೇದಾರ್ ಮಾವ. ಲೈನ್‌ಮನೆಯಲ್ಲಿರುವ ತೋಟದ ಕೆಲಸಗಾರರಿಗೆ ಸಾಹುಕಾರರು. ಸೊಸೈಟಿಯಲ್ಲಿ ಸಾಲ ಕೊಡುವವರಿಗೆ ಖಾತೆ ನಂಬರು. ಹೆಂಡತಿ ಹೆಸರು ಹೇಳುವುದೇ ಇಲ್ಲ. ಹಳೆಯ ಕಾಲದವರು, ‘ಇವರು’ ಅನ್ನುತ್ತಾರೆ ಅಷ್ಟೇ. ಕಥೆ ಹೆಂಡತಿಯ ಕಡೆಯಿಂದ ನಡೆಯುವುದರಿಂದ ಮೊದಲ ಆರು ಪುಟದಲ್ಲಿ ಅವನ ಹೆಸರೇ ಬರಲಿಲ್ಲ. ಅಕ್ಕ ಬಂದು ಅಂಗಳದಿಂದ “ಚಂಗೂ” ಅಂತ ಕೂಗಿದಾಗ ಅವನು ಊರುಗೋಲು ಬಿಟ್ಟು ಎದ್ದು ನಿಂತ. ಆ ದೃಶ್ಯ ನಾನು ಯೋಚಿಸಿ ಬರೆದದ್ದಲ್ಲ, ಪಟ್ಟಿ ಕೊಟ್ಟದ್ದು.

ವಯಸ್ಸಿಗೆ ತಕ್ಕ ಹೆಸರು ಹುಡುಕುವುದು ಕೊಡಗಿನಲ್ಲಿ ಸ್ವಲ್ಪ ಮೋಸದ ಕೆಲಸ. ಬಯಲುಸೀಮೆಯ ಬರಹಗಾರರು ಬೋಪಯ್ಯ, ಪೂವಯ್ಯ ಅಂದರೆ ಮುದುಕರು ಅಂದುಕೊಳ್ಳುತ್ತಾರೆ. ಇಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ. ಎರಡು ವರ್ಷದ ಬೋಪಯ್ಯ ನನ್ನ ಅಂಗಡಿಯ ಸ್ಟೇಪ್ಲರ್ ಬಾಯಿಗೆ ಹಾಕಿಕೊಂಡಿದ್ದಾನೆ. ಈಚಿನವರಾದರೆ ಮುಂದೆ ಹೊಸದು, ಹಿಂದೆ ಹಳೆಯದು: ರೋಹನ್ ಬೋಪಣ್ಣ, ರಾಬಿನ್ ಉತ್ತಪ್ಪ. ಹುಡುಗಿಯರ ಹೆಸರಿನ ಹಿಂದೆ ಎಷ್ಟೋ ಸಲ ಅಪ್ಪನ ಹೆಸರು: ಅಶ್ವಿನಿ ನಾಚಪ್ಪ. ಬೆಂಗಳೂರಿನಲ್ಲಿ ಇಂಥ ಹುಡುಗಿಯನ್ನು ಮುಂದಿನ ಹೆಸರಿನಿಂದ ಕರೆಯುತ್ತಾರೆ, ಊರಿನಲ್ಲಿ ಇಂಥವರ ಮಗಳು ಅನ್ನುತ್ತಾರೆ.

ಒಂದು ಎಚ್ಚರಿಕೆ ಕಣ್ಣಿಗೆ ಸಂಬಂಧಿಸಿದ್ದು. ಪೊನ್ನಪ್ಪ, ಪೂವಯ್ಯ, ಪೆಮ್ಮಯ್ಯ, ಪೂಣಚ್ಚ. ಒಂದೇ ಮನೆಯಲ್ಲಿ ಈ ನಾಲ್ವರೂ ಇರಬಹುದು, ನಿಜ ಜೀವನದಲ್ಲಿ ತೊಂದರೆ ಇಲ್ಲ. ಪುಟದಲ್ಲಿ ಓದುಗರು ಮೊದಲ ಅಕ್ಷರ ನೋಡಿ ಮುಂದೆ ಓಡುತ್ತಾರೆ, ಮೂರನೇ ಪುಟಕ್ಕೆ ಯಾರು ಯಾರಿಗೆ ಕೋವಿ ತೋರಿಸಿದ್ದು ಅಂತ ಮರೆತಿರುತ್ತಾರೆ. ಒಂದು ಕಥೆಗೆ ಒಂದು ‘ಪ’ ಸಾಕು. ಒಂದೇ ಹೆಸರಿನ ಇಬ್ಬರು ಬೇಕೇ ಬೇಕು ಅಂದರೆ ಊರಿನವರು ಮಾಡುವುದನ್ನೇ ಮಾಡಿ: ಮಿಲಿಟರಿ ಪೊನ್ನಪ್ಪ, ಬ್ಯಾಂಕ್ ಪೊನ್ನಪ್ಪ.

ಇನ್ನೊಂದು, ಕನ್ನಡದಲ್ಲಿ ಬರೆಯುವವರಿಗೆ ಇರುವ ಕಷ್ಟ. ಹೆಸರನ್ನು ಒಂಟಿಯಾಗಿ ಇಷ್ಟಪಡಬೇಡಿ. ಅದಕ್ಕೆ ‘ನಿಗೆ’, ‘ನಿಂದ’, ‘ನ’ ಎಲ್ಲ ಹಚ್ಚಿ ಜೋರಾಗಿ ಓದಿ. ಚಂಗಪ್ಪನಿಗೆ, ಚಂಗಪ್ಪನಿಂದ, ಚಂಗಪ್ಪನ. ನೀರು ಹರಿದ ಹಾಗೆ ಹೋಗುತ್ತದೆ. ಈಗ ನಿಶಾಂತ್ ತೆಗೆದುಕೊಳ್ಳಿ. ನಿಶಾಂತ್‌ಗೆ? ನಿಶಾಂತನಿಗೆ? ನಿಶಾಂತ್‌ನಿಗೆ? ಮೂರನ್ನೂ ಒಂದೇ ಕಥೆಯಲ್ಲಿ ಬರೆದವನು ನಾನು. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಇನ್ನೂರು ಸಲ ಬರುವುದಿದ್ದರೆ ಮನೆಯಲ್ಲಿ ಕರೆಯುವ ಹೆಸರೊಂದನ್ನು ಕೊಟ್ಟುಬಿಡಿ, ಬೆರಳಿಗೂ ಆರಾಮ. ಬಹುವಚನವನ್ನೂ ನೋಡಿಕೊಳ್ಳಿ. ದೇಚಮ್ಮ ಬಂದಳೋ, ಬಂದರೋ? ಅದು ಹೇಳುವವನು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಅಂದ ಹಾಗೆ, ನನ್ನ ಒಬ್ಬ ದೇಚಮ್ಮ ಅಚ್ಚಾಗಿ ಬಂದಾಗ ದೇವಮ್ಮ ಆಗಿದ್ದಳು. ಪ್ರೂಫ್ ನೋಡಿದವರಿಗೆ ‘ಚ’ ತಪ್ಪು ಅನ್ನಿಸಿತಂತೆ. ಈಗ ಕಥೆ ಕಳಿಸುವಾಗ ಮೇಲೊಂದು ಸಾಲು ಬರೆಯುತ್ತೇನೆ: ಹೆಸರುಗಳು ಇರುವ ಹಾಗೇ ಇರಲಿ.

ಕೆಲಸದವರ ಹೆಸರಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟು ಇದೆ. ತೋಟದ ಕಥೆಗಳಲ್ಲಿ ಸಾಹುಕಾರನ ನಾಯಿಗೂ ಹೆಸರಿರುತ್ತದೆ, ಕಾಫಿ ಕುಯ್ಯುವವಳು ಬರೀ ‘ಆಳು’. ಹೆಸರು ಇಟ್ಟರೂ ತಮಾಷೆಗೆ ಇಟ್ಟ ಹಾಗೆ ಒಂದು ಕಾಳ, ಒಂದು ಬೋಳ. ನಾನು ಅರ್ಜಿ ಟೈಪ್ ಮಾಡುವಾಗ ಜೇನು ಕುರುಬರು ‘ಜೆ.ಕೆ.’ ಅಂತ ಇನಿಷಿಯಲ್ ಹೇಳುತ್ತಾರೆ. ಮೊದಲು ನನಗೆ ಅಪ್ಪನ ಹೆಸರಿರಬೇಕು ಅನ್ನಿಸಿತ್ತು. ಅಲ್ಲ, ಅದು ಜೇನು ಕುರುಬ ಅನ್ನುವುದೇ. ಕಾಗದದಲ್ಲಿ ಜಾತಿಯೇ ಮನೆ ಹೆಸರಾಗಿ ಕೂತಿದೆ. ಅಂಥ ಪಾತ್ರ ಬರೆಯುವವರು ಆ ಎರಡಕ್ಷರದ ಹಿಂದೆ ಏನಿದೆ ಅಂತ ಕೇಳಬೇಕು. ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ತೋಟದ ರೈಟರ್ ಪುಸ್ತಕ ನೋಡಿ ಬರೆದರೆ ರೈಟರ್ ಕಿವಿಗೆ ಬಿದ್ದದ್ದಷ್ಟೇ ಸಿಗುತ್ತದೆ. (ಇಲ್ಲಿ ರೈಟರ್ ಅಂದರೆ ಹಾಜರಿ, ಬಟವಾಡೆ ನೋಡಿಕೊಳ್ಳುವವರು. ನಾನೂ ರೈಟರ್ ಅಂದಾಗ ಯಾವ ಎಸ್ಟೇಟು ಅಂತ ಕೇಳುತ್ತಾರೆ.) ಮಾಪಿಳ್ಳೆ ಮುಸ್ಲಿಮರು, ವಿರಾಜಪೇಟೆಯ ಕ್ರೈಸ್ತರು, ಅಸ್ಸಾಮಿನಿಂದ ಕೆಲಸಕ್ಕೆ ಬಂದವರು, ಯಾರೇ ಆದರೂ ಇದೇ ಮಾತು.

ಊರಿನ ಹೆಸರು? ಪೇಟೆ ನಿಜವಾದದ್ದಿರಲಿ, ಹಳ್ಳಿ ಹುಟ್ಟಿಸಿದ್ದಿರಲಿ. ಗೋಣಿಕೊಪ್ಪಕ್ಕೆ ಬಸ್ಸು ಹಿಡಿಯಲಿ, ಎಲ್ಲಿಂದ ಅಂತ ನೀವೇ ಕಟ್ಟಿ. ಅಷ್ಟು ಸಾಕು.

ಅಂಗಡಿಗೆ ಬಂದು ಪಾಠ ಹೇಳಿದವರನ್ನು ನಾನೀಗ ಅಣ್ಣ ಅಂತ ಕರೆಯುತ್ತೇನೆ. ಕಥೆ ಮುಗಿದ ಮೇಲೆ ಹೆಸರುಗಳ ಪಟ್ಟಿಯನ್ನು ವಾಟ್ಸಾಪಿನಲ್ಲಿ ಅವರಿಗೆ ಕಳಿಸುವುದು ರೂಢಿ. ನಿಮಗೂ ಅಂಥವರು ಒಬ್ಬರು ಬೇಕು. ಊರಿನ ಹತ್ತು ಮನೆ ಸಂಬಂಧ ಬಾಯಲ್ಲೇ ಇರುವವರು, ಕಥೆ ಓದುವ ತಾಳ್ಮೆ ಇಲ್ಲದಿದ್ದರೂ ನಡೆಯುತ್ತದೆ. ಸುಬೇದಾರನ ಪಟ್ಟಿ ಕಳಿಸಿದ ರಾತ್ರಿ ಫೋನ್ ಬಂತು.

“ಎಲ್ಲ ಸರಿ ಇದೆ. ಆ ನಾಯಿಯ ಹೆಸರು ಮಾತ್ರ ಬದಲಾಯಿಸಿ.”

“ಯಾಕಣ್ಣ? ಬ್ರೂನೋ ಅಲ್ವಾ, ಎಲ್ಲರ ಮನೆಯಲ್ಲೂ ಇರುತ್ತೆ.”

“ಕಥೆಯಲ್ಲಿ ಅದು ಕೋಳಿ ಕದಿಯುತ್ತೆ ಅಂದಿದ್ದೀರಿ. ನಮ್ಮ ಬ್ರೂನೋ ಹೋದ ವಾರ ತಾನೇ ಪಕ್ಕದ ಮನೆಯದು ಎರಡು ತಂದಿದ್ದಾನೆ. ಇನ್ನೂ ಮಾತುಕತೆ ಮುಗಿದಿಲ್ಲ.”

ಈಗ ಅದು ಟೈಗರ್.