ಹಾರ್ಟಿ ಓದಬೇಕೆಂದಿದ್ದೀರಾ? ಮೊದಲು ಚಾಕು ಹಿಡಿಯುವುದು ಕಲಿಯಿರಿ

‘ಅಗ್ರಿ ಸಿಗ್ಲಿಲ್ಲ ಸಾರ್, ಹಾರ್ಟಿ ಸಿಕ್ಕೈತೆ. ಸೇರಿಸ್ಬೋದಾ?’ ಅಗ್ರಿ ಎಂದರೆ ಕೃಷಿ ಪದವಿ, ಹಾರ್ಟಿ ಎಂದರೆ ತೋಟಗಾರಿಕೆ ಪದವಿ. ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಕೋಲಾರದ ಕಡೆಯ ಅಪ್ಪಂದಿರು ನನ್ನನ್ನು ಕೇಳುವುದು ಇದನ್ನೇ. ಧಾರಾಳವಾಗಿ ಸೇರಿಸಿ. ಆದರೆ ಸಿಗದ ಸೀಟಿನ ಕೊರಗು ಹೊತ್ತು ಬರುವ ಹುಡುಗರು ಮೊದಲ ವರ್ಷವಿಡೀ ಹಾಳುಮಾಡಿಕೊಳ್ಳುವುದನ್ನು ಕಂಡಿದ್ದೇನೆ. ಅದಕ್ಕೇ ಈ ದಾರಿಯನ್ನು ಶುರುವಿನಿಂದ ಹೇಳುತ್ತೇನೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲಿ. ಆಮೇಲೆ ಸಿಇಟಿ. ಪದವಿಯ ಹೆಸರು ಬಿಎಸ್‌ಸಿ ಆನರ್ಸ್ ತೋಟಗಾರಿಕೆ; ನಾಲ್ಕು ವರ್ಷ, ಎಂಟು ಸೆಮಿಸ್ಟರ್. ನಮ್ಮ ಪಾಲಿಗೆ ಹತ್ತಿರದ್ದು ಕೋಲಾರ ಪಕ್ಕದ ಟಮಕದ ಕಾಲೇಜು. ಅದು 2008ರಲ್ಲಿ ಹುಟ್ಟಿದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರ‍್ಯಾಂಕ್ ಕೈಕೊಟ್ಟರೆ ಬೀದರ್‌ಗೋ ಅರಭಾವಿಗೋ ಹೋಗಬೇಕಾದೀತು. ಹೋಗಿ, ನಷ್ಟವೇನಿಲ್ಲ.

ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೇಳಬೇಕು. ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರಕ್ಕೆ ಕೊನೇ ವಾರದಲ್ಲಿ ಓಡಾಡಬೇಡಿ. ಈ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಇದಕ್ಕೂ ಈಗ ಕೋಚಿಂಗ್ ಬಂದಿದೆಯಂತೆ! ಒಂದು ಭಾನುವಾರ ಊರಿನ ಗೊಬ್ಬರದಂಗಡಿಯಲ್ಲಿ ಕೂತರೆ ಅರ್ಧ ಪಾಠ ಆಗಿಹೋಗುತ್ತದೆ. ಯೂರಿಯಾ ಬೆಳ್ಳನೆಯ ಗುಂಡು, ಪೊಟ್ಯಾಷ್ ಸಾಮಾನ್ಯವಾಗಿ ಇಟ್ಟಿಗೆ ಬಣ್ಣ. ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜಗಳು ಒಂದೇ ಥರ ಕಂಡು ಹುಡುಗರು ತಡವರಿಸುತ್ತಾರೆ. ಟೊಮೆಟೊ ಬೀಜದ ಮೈಮೇಲೆ ಸಣ್ಣ ನವಿರು ಇರುತ್ತದೆ, ಮಿಕ್ಕೆರಡು ನುಣುಪು. ಮನೆಯ ಹಣ್ಣು ಹಿಂಡಿ, ಬೀಜ ಒಣಗಿಸಿ ನೋಡಿ.

ಕಾಲೇಜು ಸೇರಿದ ಮೇಲೆ ಹಣ್ಣು, ತರಕಾರಿ, ಹೂವು, ತೋಟದ ಬೆಳೆ, ಮಣ್ಣು, ಕೀಟ, ರೋಗ, ಕೊಯ್ಲೋತ್ತರ ಸಂಸ್ಕರಣೆ ಎಲ್ಲವೂ ಬರುತ್ತವೆ. ಪುಸ್ತಕದ್ದನ್ನು ಹೇಗೋ ಓದುತ್ತೀರಿ. ಕೈಗೆ ಹತ್ತಬೇಕಾದದ್ದು ಕಸಿ. ಮಾವಿನ ಮೃದುಕಾಂಡ ಕಸಿಯನ್ನೇ ತೆಗೆದುಕೊಳ್ಳಿ. ಮಳೆಗಾಲದ ತೇವ ಇರುವಾಗ ಕಟ್ಟಬೇಕು. ಕಸಿಕಡ್ಡಿ, ಅಂದರೆ ಬೇಕಾದ ತಳಿಯ ಮರದಿಂದ ತಂದ ಕಡ್ಡಿ, ಮೂರು ನಾಲ್ಕು ತಿಂಗಳ ಬಲಿತದ್ದಿರಬೇಕು. ಅದನ್ನು ಕೂರಿಸುವ ಬೇರಿರುವ ಗಿಡದ, ಅಂದರೆ ಬೇರುಸಸಿಯ, ದಪ್ಪಕ್ಕೆ ಹೊಂದಬೇಕು. ಕಡ್ಡಿ ಕತ್ತರಿಸುವುದಕ್ಕೆ ವಾರ, ಹತ್ತು ದಿನ ಮುಂಚೆ ತೊಟ್ಟು ಬಿಟ್ಟು ಎಲೆ ತೆಗೆದರೆ ಮೊಗ್ಗು ಉಬ್ಬುತ್ತದೆ. ಬೇರುಸಸಿಯ ತುದಿ ಕತ್ತರಿಸಿ ಸೀಳಿ, ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಸಿಪ್ಪೆಗೆ ಸಿಪ್ಪೆ ಒಂದು ಕಡೆಯಾದರೂ ಕೂಡಲೇಬೇಕು. ನಾನು ಮೊದಲ ಸಲ ಕಟ್ಟಿದ ಇಪ್ಪತ್ತರಲ್ಲಿ ಚಿಗುರಿದ್ದು ಮೂರು. ಚಾಕು ಮೊಂಡಾಗಿತ್ತು, ಒಂದೇ ಏಟಿಗೆ ಕತ್ತರಿಸುವ ಬದಲು ಕೆರೆದಿದ್ದೆ. ತರಗತಿಯಲ್ಲಿ ತಲೆಗೆ ಐದು ಸಸಿ ಕೊಟ್ಟರೆ ಸಾಲದು. ರಜೆಯಲ್ಲಿ ಶ್ರೀನಿವಾಸಪುರದ ಯಾವುದಾದರೂ ನರ್ಸರಿಗೆ ಹೋಗಿ ಕಸಿ ಕಟ್ಟುವವರ ಪಕ್ಕ ಕೂರಿ. ಕೂಲಿ ಕೊಡದಿದ್ದರೂ ಕೂರಿ.

ಇನ್ನೊಂದು ಕೆಲಸವನ್ನು ಯಾವ ಪಠ್ಯವೂ ಹೇಳುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು, ವಾರಕ್ಕೊಮ್ಮೆ ಬೆಳಿಗ್ಗೆ ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಕೂಗಿತು, ಮಾಲು ಯಾವ ರಾಜ್ಯಕ್ಕೆ ಹೋಯಿತು ಎಂದು ಬರೆದಿಡಿ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ರಸ್ತೆಗೆ ಸುರಿದದ್ದನ್ನೂ ಈ ಜಿಲ್ಲೆ ನೋಡಿದೆ. ಚಿಕ್ಕಬಳ್ಳಾಪುರದವರಾದರೆ ಸೇವಂತಿಗೆ, ಗುಲಾಬಿ, ದ್ರಾಕ್ಷಿಯ ಲೆಕ್ಕ ಬರೆಯಿರಿ, ತಿಪಟೂರಿನವರಾದರೆ ಕೊಬ್ಬರಿಯದು. ಕೊನೇ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಅವಧಿ ಬರುತ್ತದೆ. ಎಲೆ ಮುದುಡಿದ್ದಕ್ಕೆ ಔಷಧಿ ಹೇಳುವ ಹುಡುಗರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ‘ಈ ಸಲ ಹಾಕ್ಲಾ, ಬೇಡ್ವಾ?’ ಎಂದು ರೈತ ಕೇಳಿದರೆ ಬಾಯಿ ತೆರೆಯುವುದು ನೋಟ್‌ಬುಕ್ ಇದ್ದವನು.

ಪದವಿ ಆದಮೇಲೆ? ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಕರೆಯುತ್ತದೆ. ಆ ಕರೆಗೆ ಕಾದು ಕೂತು ವಯಸ್ಸು ಕಳೆಯಬೇಡಿ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಐಬಿಪಿಎಸ್ ನಡೆಸುವ ಪರೀಕ್ಷೆಯನ್ನು ಹಾರ್ಟಿಯವರೂ ಬರೆಯಬಹುದು, ನಮ್ಮ ಹುಡುಗರಿಗೆ ಇದು ನೆನಪೇ ಆಗುವುದಿಲ್ಲ. ಬೀಜದ ಕಂಪನಿ, ಹನಿ ನೀರಾವರಿ ಕಂಪನಿಗಳಲ್ಲಿ ಮೊದಲೆರಡು ವರ್ಷ ಬೈಕ್ ಮೇಲೇ ಬದುಕು. ಸಂಶೋಧನೆಯ ಹುಚ್ಚಿದ್ದರೆ ಎಂಎಸ್‌ಸಿಗೆ ಹೋಗಿ.

ನನ್ನನ್ನು ಕೇಳಿದರೆ ಸ್ವಂತ ನರ್ಸರಿ. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಮನೆಯ ಹಲಸಿನ ಮರವೊಂದನ್ನು ತುಮಕೂರು ಹತ್ತಿರದ ಹಿರೇಹಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ತಾಮ್ರಗೆಂಪು ತೊಳೆಯ ಆ ತಳಿಯೇ ‘ಸಿದ್ದು’ ಹಲಸು. ಒಂದೇ ಮರದ ಕಡ್ಡಿಯಿಂದ ಸಾವಿರಾರು ಸಸಿ ಹೊರಟವು, ಆ ಮನೆಗೂ ಆದಾಯ ಬಂತು. ನರ್ಸರಿ ಇಟ್ಟರೆ ಮೊದಲು ತಾಯಿಮರ ನೆಡಿ, ಪ್ರತಿ ಮರಕ್ಕೂ ನಂಬರ್ ಬರೆಯಿರಿ; ಯಾವ ಮರದ ಕಡ್ಡಿ ಯಾವ ಪಾತಿಗೆ ಹೋಯಿತೆಂದು ಅದೇ ನೋಟ್‌ಬುಕ್ಕಿನ ಹಿಂಪುಟದಲ್ಲಿ ಗುರುತು ಹಾಕಿ. ಬಾದಾಮಿ ಮಾವು ಎಂದು ನೀವು ಮಾರಿದ ಸಸಿ ನಾಲ್ಕೈದು ವರ್ಷಕ್ಕೆ ತೋತಾಪುರಿ ಬಿಟ್ಟರೆ, ಕೊಂಡವರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.